ಡ್ರಮ್ಮಿನ ನೀರು ಚೆಲ್ಲಿದ್ದು ನಾನು

ಪಂಪು ಸುಟ್ಟದ್ದು ನನ್ನ ಕೈಯಿಂದ. ಪಂಪಿನ ಕೆಲಸದವನು ಹೊಟ್ಟೆಕಿಚ್ಚಿಗೆ ಹಾಳುಮಾಡಿದ ಎಂದು ನಮ್ಮ ತೋಟದಲ್ಲಿ, ಪಕ್ಕದ ತೋಟದಲ್ಲಿ, ಬಾಳೂರಿನ ಬಾಡಿಗೆ ಜೀಪುಗಳಲ್ಲಿ ಓಡಾಡಿದ ಮಾತೆಲ್ಲ ಸುಳ್ಳು. ಆ ಸುಳ್ಳನ್ನು ನಾನು ಹುಟ್ಟಿಸಲಿಲ್ಲ. ಆದರೆ ಅದು ನನ್ನ ಕಣ್ಣೆದುರೇ ಹುಟ್ಟಿ, ನಡೆದಾಡಿ, ದೊಡ್ಡದಾಗುವವರೆಗೆ ಎಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಅಭ್ಯಾಸವಲ್ಲ, ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಬೇಕಾದ ಹೊತ್ತಿಗೆ ಮಾತ್ರ ಮಾತು ಬರಲಿಲ್ಲ.

ನಮ್ಮದು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ ಸಿಗುವ ತೋಟ. ರೋಬಸ್ಟಾ ಹೆಚ್ಚು. ಈ ರೋಬಸ್ಟಾ ಗಿಡಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಒಳ್ಳೆಯ ಮಳೆ ಬೇಕು. ಅದು ಬಿದ್ದರೆ ಮೊಗ್ಗು ಬಿರಿದು ತೋಟವೆಲ್ಲ ಬೆಳ್ಳಗಾಗುತ್ತದೆ. ಹೂಮಳೆ ಎನ್ನುತ್ತೇವೆ. ಈಗೀಗ ಅದನ್ನು ನಂಬಿ ಕೂರುವ ಹಾಗಿಲ್ಲ. ಕೆರೆಗೆ ಪಂಪು ಇಟ್ಟು, ಪೈಪು ಎಳೆದು, ಸ್ಪ್ರಿಂಕ್ಲರಿನಲ್ಲಿ ನಾವೇ ಮಳೆ ಸುರಿಸುತ್ತೇವೆ. ಇದರಲ್ಲಿ ಒಂದು ಕಟ್ಟುನಿಟ್ಟು ಇದೆ. ತೋಟದ ಒಂದು ತುಂಡಿಗೆ ನೀರು ಹಿಡಿದ ಮೇಲೆ ಬೇರಿನ ತನಕ ಇಳಿಯುವಷ್ಟು ಹೊಡೆಯಲೇಬೇಕು. ಅರ್ಧಕ್ಕೆ ನಿಲ್ಲಿಸಿದರೆ ಮೊಗ್ಗು ಪೂರ್ತಿ ಬಿರಿಯದೆ, ಗುಲಾಬಿ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಒಂದು ಹನಿಯೂ ಹಾಕದಿದ್ದರೆ ಇನ್ನೊಂದಿಷ್ಟು ದಿನ ತಡೆದುಕೊಂಡೀತು, ಅರೆನೀರು ಕುಡಿದ ಮೊಗ್ಗು ತಡೆಯುವುದಿಲ್ಲ.

ನಾಲ್ಕನೇ ಕ್ಲಾಸು ಓದಿದವಳಿಗೆ ಪಂಪಿನ ವಿಷಯ ಏನು ಗೊತ್ತು ಎಂದು ಯಾರಾದರೂ ಕೇಳಿದರೆ ಅದನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ಆದರೆ ನನಗೆ ಗೊತ್ತಿತ್ತು. ನಾನು ಮದುವೆಯಾಗಿ ಬಂದಾಗ ಕೆರೆಬದಿಯಲ್ಲಿ ಡೀಸೆಲ್ ಎಂಜಿನ್ ಇತ್ತು. ನಮ್ಮ ಯಜಮಾನರು ಹ್ಯಾಂಡಲ್ ತಿರುಗಿಸುವ ಮೊದಲು ನಾನು ಕೊಡದಲ್ಲಿ ನೀರು ತಂದು, ಪಂಪಿನ ಮೇಲಿನ ಲಾಳಿಕೆಗೆ ಸುರಿಯಬೇಕು. ಪಂಪಿನ ಹೊಟ್ಟೆ, ಕೆರೆಗೆ ಇಳಿದ ಪೈಪು ಎರಡೂ ತುಂಬಬೇಕು. ಗುಳುಗುಳು ಎಂದು ಗುಳ್ಳೆ ಏಳುತ್ತಿದ್ದರೆ ಒಳಗೆ ಇನ್ನೂ ಗಾಳಿ ಇದೆ ಎಂದರ್ಥ. ಗುಳ್ಳೆ ನಿಂತು, ನೀರು ಲಾಳಿಕೆಯ ಬಾಯಿಯಲ್ಲಿ ಅಲುಗದೆ ನಿಂತ ಮೇಲೆಯೇ ಎಂಜಿನ್ ಹೊಡೆಯಬೇಕು. ಬರಿಹೊಟ್ಟೆಯಲ್ಲಿ ಓಡಿಸಿದರೆ ಪಂಪು ಗಾಳಿಯನ್ನು ತಿರುವುತ್ತಾ ಕೂರುತ್ತದೆ, ಹನಿ ನೀರೂ ಎಳೆಯುವುದಿಲ್ಲ. ಹಾಗೇ ಬಿಟ್ಟರೆ ಕಾಯುತ್ತದೆ, ಸುಡುತ್ತದೆ. ಪಂಪಿಗೆ ನೀರು ಕುಡಿಸುವುದು ಎಂದು ನಾವು ಹೇಳುತ್ತಿದ್ದದ್ದು ಇದನ್ನೇ. ಪೈಪಿನ ಬುಡದ ವಾಲ್ವಿಗೆ ಸಿಲ್ವರ್ ಓಕ್ ಮರದ ಒಂದು ಎಲೆ ಸಿಕ್ಕಿಕೊಂಡರೂ ಸಾಕು, ಹಾಕಿದ ನೀರೆಲ್ಲ ಕೆರೆಗೆ ವಾಪಸ್ಸು. ಮತ್ತೆ ಕೊಡ ಹೊರಬೇಕು. ಮಗ ಹೊಟ್ಟೆಯಲ್ಲಿದ್ದಾಗಲೂ ಹೊತ್ತಿದ್ದೇನೆ.

ಕರೆಂಟು ಬಂದು ಮೋಟರು ಕೂರಿಸಿದ ಮೇಲೆ ಆ ಕೆಲಸಕ್ಕೆಂದೇ ಒಬ್ಬನನ್ನು ಇಟ್ಟುಕೊಂಡೆವು. ಬಂದಾಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಈಗ ಅದು ಬೆಳ್ಳಗಾಗಿದೆ. ಆಳುಗಳ ಸಾಲುಮನೆಗೆ ಲೈನು ಎನ್ನುತ್ತೇವೆ, ಅದರ ಕೊನೆಯ ಮನೆ ಅವನದು, ಹೆಂಡತಿಯೂ ನಮ್ಮ ತೋಟದಲ್ಲೇ ಕೆಲಸ. ಹೂವಿನ ನೀರು ಹೊಡೆಯುವ ತಿಂಗಳಲ್ಲಿ ಪಂಪ್‌ಹೌಸಿನಲ್ಲೇ ಚಾಪೆ ಹಾಸಿ ಮಲಗುತ್ತಿದ್ದ. ತ್ರೀ ಫೇಸ್ ಕರೆಂಟು ಹೋಗಿ ಬಂದಾಗಲೆಲ್ಲ ಎದ್ದು ಬಕೆಟ್ಟಿನಲ್ಲಿ ನೀರು ಕುಡಿಸಿ ಮತ್ತೆ ಚಾಲೂ ಮಾಡಬೇಕು. ಲಾಳಿಕೆಗೆ ಕಿವಿ ಕೊಟ್ಟು ಕೇಳಿ, ಇನ್ನೊಂದು ಬಕೆಟ್ಟು ಬೇಕು, ಅರ್ಧ ಸಾಕು ಎಂದು ಹೇಳುತ್ತಿದ್ದ. ಕಣ್ಣಿಗಿಂತ ಅವನ ಕಿವಿ ಚುರುಕು. ವಾಲ್ವಿಗೆ ಎಲೆ ಸಿಕ್ಕಿದರೆ ಅಂಗಿ ಬಿಚ್ಚಿ ಕೆರೆಗೆ ಇಳಿಯುತ್ತಿದ್ದ.

ಹೋದ ವರ್ಷ ಮಗ ಹಸಿರು ಬಣ್ಣದ ಒಂದು ಕಬ್ಬಿಣದ ಡ್ರಮ್ಮು ತಂದು ಪಂಪಿನ ಪಕ್ಕ ಕೂರಿಸಿದ. ತೋಟ ನೋಡಿಕೊಳ್ಳುವವನು ಮಗನೇ. ಅದನ್ನು ಕೂರಿಸಿದ ದಿನ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ.

"ನೋಡಮ್ಮ, ಕೆರೆ ಪೈಪು ಈ ಡ್ರಮ್ಮಿನ ಮೇಲ್ಗಡೆಗೆ ಬಂದು ಸೇರ್ತದೆ. ಪಂಪಿಗೆ ಹೋಗೋದು ಕೆಳಗಡೆಯಿಂದ. ಮೊದ್ಲು ಒಂದ್ಸಲ ತುಂಬ್ಸಿ ಮುಚ್ಚಿದ್ರೆ ಆಯ್ತು. ಪಂಪು ಚಾಲೂ ಆದಾಗ ಡ್ರಮ್ಮಿನ ನೀರು ಎಳ್ಕಣ್ತದೆ. ಒಳಗೆ ಜಾಗ ಖಾಲಿ ಆಯ್ತಲ್ಲ, ಅಲ್ಲಿಗೆ ಕೆರೆ ನೀರು ತಾನೇ ಏರಿ ಬರ್ತದೆ. ನಿಂತಾಗ ಡ್ರಮ್ಮು ತುಂಬಿದಂಗೇ ಇರ್ತದೆ. ಕರೆಂಟು ಹೋಗ್ಲಿ, ಬರ್ಲಿ, ಯಾರೂ ನೀರು ಕುಡಿಸೋದು ಬೇಡ. ತಾನೇ ಕುಡೀತದೆ, ತಾನೇ ಓಡ್ತದೆ."

ಕರೆಂಟು ಬಂದ ಕೂಡಲೇ ತಾನಾಗಿ ಚಾಲೂ ಆಗುವ ಸ್ಟಾರ್ಟರನ್ನೂ ಹಾಕಿಸಿದ್ದ. ಅಲ್ಲಿಗೆ ಪಂಪಿನವನ ಚಾಪೆ ಮನೆಗೆ ಹೋಯಿತು. ಹಗಲು ಪೈಪು ಬದಲಿಸುವ ಕೆಲಸ ಮಾತ್ರ ಉಳಿಯಿತು. ಕೂಲಿ ಕಡಿಮೆಯಾಗಲಿಲ್ಲ, ಆದರೆ ಆಳುಗಳು ಅವನನ್ನು ಬಿಡಲಿಲ್ಲ. ಕಣದಲ್ಲಿ ಕಾಫಿ ಕುಡಿಯುತ್ತಿದ್ದಾಗ ಮೇಸ್ತ್ರಿ, "ನಿನ್ನ ಬಕೆಟ್ಟಿಗೆ ಪೆನ್ಶನ್ ಕೊಡ್ತಾರಂತೆ ಮಾರಾಯ" ಎಂದ. ಅವನೂ ನಕ್ಕು, "ಕೊಡ್ಲಿ ಬಿಡು. ಆ ಡ್ರಮ್ಮಿಗೆ ಬಾಯಾರಿದ ದಿನ ನನ್ನೇ ಕರೀತದೆ" ಎಂದಿದ್ದ. ನಾನೂ ನಕ್ಕಿದ್ದೆ. ನಗೆಯ ಮಾತು, ಅದರಲ್ಲಿ ಬೇರೇನೂ ಇರಲಿಲ್ಲ.

ಈ ವರ್ಷ ಹೂವಿನ ನೀರು ಹೊಡೆಯುವ ಹೊತ್ತಿಗೆ ಸರಿಯಾಗಿ ಗ್ರಹಣ ಬಂತು. ಚಂದ್ರ ಹುಟ್ಟುವಾಗಲೇ ಹಿಡಿದುಕೊಂಡು, ಸಂಜೆಯೇ ಬಿಡುವ ಗ್ರಹಣ. ಮಧ್ಯಾಹ್ನ ಕೆಳಗಿನ ತುಂಡಿಗೆ ನೀರು ಹಿಡಿದಿದ್ದರು. ಎರಡು ಗಂಟೆ ಓಡಿದ ಮೇಲೆ ಕರೆಂಟು ಹೋಯಿತು. ಗ್ರಹಣ ಎಂದು ಆಳುಗಳೆಲ್ಲ ಬೇಗ ಲೈನಿಗೆ ಹೋದರು. ಮಗ ಪಂಪಿನವನಿಗೆ, "ಸ್ವಿಚ್ಚು ಆಟೋದಲ್ಲೇ ಬಿಟ್ಟು ಬೀಗ ಹಾಕು, ಕರೆಂಟು ಬಂದಾಗ ಓಡ್ಲಿ" ಎಂದ. ಅವನು ಹಾಗೇ ಮಾಡಿ ಹೋದ.

ನಮ್ಮ ಮನೆಯ ಪದ್ಧತಿ ಹೀಗೆ. ಗ್ರಹಣಕ್ಕೆ ಮೊದಲು ಹಾಲು, ಮೊಸರು, ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕುವುದು. ಗ್ರಹಣ ಬಿಟ್ಟ ಮೇಲೆ ತಲೆಗೆ ನೀರು ಹಾಕಿಕೊಂಡು, ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು. ಕೆರೆ, ಬಾವಿ, ಹಳ್ಳಕ್ಕೆ ದೋಷವಿಲ್ಲ. ಪಾತ್ರೆಯಲ್ಲಿ ನಿಂತ ನೀರಿಗೆ ಮಾತ್ರ. ಅತ್ತೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ಸರಿಯೋ ತಪ್ಪೋ ಕೇಳಿದವಳಲ್ಲ. ಮೊಮ್ಮಗಳು ಹಿಂದೆ ಮುಂದೆ ಓಡಾಡುತ್ತಾ ಗೇಲಿ ಮಾಡುತ್ತಿದ್ದಳು.

"ಅಜ್ಜಿ, ಫಿಲ್ಟರ್ ನೀರೂ ಚೆಲ್ತೀರಾ?"

"ಚೆಲ್ತೀನಿ."

"ಫ್ರಿಜ್ಜಲ್ಲಿರೋ ಐಸು?"

"ಅದೂ ನೀರೇ ಅಲ್ವಾ? ತಾ ಇಲ್ಲಿ."

"ಹಂಗಾದ್ರೆ ನನ್ನ ಹೊಟ್ಟೇಲಿರೋ ನೀರು?"

"ಅದು ತಾನೇ ಹೋಗ್ತದೆ. ಬಾಯಿ ಮುಚ್ಕಂಡು ಆ ಬಕೆಟ್ಟು ಹಿಡ್ಕ."

ಬಚ್ಚಲ ಹಂಡೆ, ಅಡುಗೆಮನೆಯ ಕೊಡಗಳು, ಕೊಟ್ಟಿಗೆಯ ಬಾನಿ ಎಲ್ಲ ಮುಗಿಯಿತು. ಆಗ ನೆನಪಾಯಿತು, ಪಂಪಿನ ಹತ್ತಿರದ ಡ್ರಮ್ಮು. ಅದರಲ್ಲಿ ನಿಂತ ನೀರೇ ಇರುವುದು. ಆ ನೀರೇ ಮೊದಲು ಹೋಗಿ ಹೂವಿನ ಮೇಲೆ ಬೀಳುವುದು. ವರ್ಷದ ಫಸಲು ಕೂರುವ ಮೊಗ್ಗಿಗೆ ಗ್ರಹಣದ ನೀರು ಹೊಡೆಯುವುದೇ ಎಂದು ಮನಸ್ಸಿಗೆ ಬಂತು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಎಲ್ಲ ಬೀಗಗಳ ಇನ್ನೊಂದು ಕೀ ಇರುತ್ತದೆ. ಪಂಪ್‌ಹೌಸಿನದನ್ನು ತೆಗೆದುಕೊಂಡು, ಟಾರ್ಚು ಹಿಡಿದು ಕೆರೆಗೆ ಇಳಿದೆ. ಏಳು ಗಂಟೆ ದಾಟಿರಬಹುದು. ಸೊಸೆ ಅಕ್ಕಿ ತೊಳೆಯುತ್ತಿದ್ದಳು, ಮಗ ಆಗಷ್ಟೇ ಸ್ನಾನಕ್ಕೆ ಹೋಗಿದ್ದ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಅನಿಸಲಿಲ್ಲ.

ಡ್ರಮ್ಮಿನ ಬುಡದಲ್ಲಿ ಒಂದು ನಲ್ಲಿ, ನೆತ್ತಿಯಲ್ಲಿ ಒಂದು ಬಿರಡೆ ಇತ್ತು. ಬರೀ ನಲ್ಲಿ ತಿರುಗಿಸಿದರೆ ನೀರು ತಡೆತಡೆದು ಬರುತ್ತದೆ, ಮೇಲಿನಿಂದ ಗಾಳಿ ಹೋದರೆ ಸಲೀಸು. ಅಷ್ಟು ತಿಳಿವಳಿಕೆ ನನಗಿತ್ತು ನೋಡಿ! ಬಿರಡೆ ಬಿಚ್ಚಿ, ನಲ್ಲಿ ತಿರುಗಿಸಿ, ಕೊನೆಯ ಹನಿ ಬೀಳುವ ತನಕ ನಿಂತಿದ್ದೆ. ಆಮೇಲೆ ಎರಡನ್ನೂ ಗಟ್ಟಿ ಮಾಡಿದೆ. ಹೊಸ ನೀರು ತುಂಬಿಸಬೇಕಲ್ಲ ಎಂದು ಒಂದು ಗಳಿಗೆ ಕೈ ತಡೆಯಿತು. ಬಕೆಟ್ಟು ಅಲ್ಲೇ ಮೂಲೆಯಲ್ಲಿ ಬೋರಲಾಗಿತ್ತು. ಕೆರೆ ಹತ್ತು ಹೆಜ್ಜೆ. ಆದರೆ ಕತ್ತಲು, ಮಂಡಿ ನೋವು, ಮೇಲಾಗಿ ತಲೆಸ್ನಾನ ಮಾಡಿ ಒದ್ದೆ ಕೂದಲು. ತಾನೇ ಕುಡಿಯುತ್ತದೆ ಎಂದು ಮಗ ಹೇಳಿದ್ದಾನಲ್ಲ, ಕುಡಿಯಲಿ ಎಂದುಕೊಂಡು ಬೀಗ ಹಾಕಿ ಬಂದೆ.

ಎಷ್ಟೋ ವರ್ಷ ಕೊಡ ಹೊತ್ತವಳು ನಾನು. ಯಾವ ಯಂತ್ರವಾದರೂ ಮೊದಲ ನೀರನ್ನು ಯಾರಾದರೂ ಹಾಕಲೇಬೇಕೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಗೊತ್ತಿತ್ತು. ಸೋಮಾರಿತನಕ್ಕೆ ಆ ಗಳಿಗೆಯಲ್ಲಿ ಮರೆತೆ.

ಬೆಳಗಿನ ಜಾವ ಕರೆಂಟು ಬಂತು. ನಾವೆಲ್ಲ ಏಳುವ ಹೊತ್ತಿಗೆ ಪಂಪು ಎರಡು ಗಂಟೆ ಒಣಗಿಯೇ ತಿರುಗಿತ್ತು. ಸ್ಪ್ರಿಂಕ್ಲರಿನ ಸದ್ದು ಕೇಳಿಸದೆ ಮಗ ಕೆಳಗೆ ಓಡಿದ. ಪಂಪ್‌ಹೌಸಿನ ಬಾಗಿಲು ತೆಗೆದರೆ ಹೊಗೆ, ಸುಟ್ಟ ರಬ್ಬರಿನ ವಾಸನೆ. ಆ ವಾಸನೆ ಮನೆಯ ಅಂಗಳಕ್ಕೂ ಬಂತು. ನನಗೆ ಅಲ್ಲೇ ಗೊತ್ತಾಯಿತು. ಕಾಫಿಗೆ ಇಟ್ಟಿದ್ದ ಹಾಲು ಉಕ್ಕಿ ಹೋಗುತ್ತಿದ್ದರೂ ನೋಡುತ್ತಾ ನಿಂತಿದ್ದೆ.

ಮೂಡಿಗೆರೆಯಿಂದ ಮೆಕ್ಯಾನಿಕ್ ಬಂದದ್ದು ಮರುದಿನ. ನಾನೇ ಕಾಫಿ ತೆಗೆದುಕೊಂಡು ಕೆರೆಬದಿಗೆ ಹೋದೆ. ಕೇಳದೇ ಇರಲಾಗಲಿಲ್ಲ, ಹೇಳಲೂ ಆಗಲಿಲ್ಲ. ಅವನು ಡ್ರಮ್ಮಿಗೆ ಬೆರಳಲ್ಲಿ ತಟ್ಟಿ ನೋಡಿದ. ಬುಡದ ಮಣ್ಣು ಮುಟ್ಟಿ ನೋಡಿದ.

"ಸೀಲು ಸುಟ್ಟಿದೆ, ಶಾಫ್ಟು ಕಚ್ಕಂಡಿದೆ, ಮೋಟರೂ ಹೋಗಿದೆ. ನೀರಿಲ್ದೆ ಓಡಿದ್ರೆ ತಾನೇ ನಿಲ್ಲೋ ಪೆಟ್ಟಿಗೆ ಒಂದು ಹಾಕ್ಸಿ ಅಂತ ಆವಾಗ್ಲೇ ಹೇಳಿದ್ದೆ ಗೌಡ್ರೇ."

"ಈ ವರ್ಷ ಹಾಕ್ಸಣ ಅಂತಿದ್ದೆ" ಎಂದ ಮಗ. "ಅದಿರ್ಲಿ, ಡ್ರಮ್ಮು ಹೆಂಗೆ ಖಾಲಿ ಆಯ್ತು? ಲೀಕಾ?"

"ಎಲ್ಲೂ ಲೀಕಿಲ್ಲ. ನಲ್ಲೀನೂ ಟೈಟಿದೆ, ಬಿರಡೇನೂ ಟೈಟಿದೆ. ನಲ್ಲಿ ಕೆಳಗೆ ಮಾತ್ರ ಕೆಸ್ರು. ಯಾರೋ ಬೇಕಂತಾನೇ ಬಿಟ್ಟಿದಾರೆ. ಗೊತ್ತಿರೋರೇ ಬಿಟ್ಟಿದ್ದು. ಮೇಲಿನ ಬಿರಡೆ ಬಿಚ್ಚದೆ ಇಷ್ಟು ಪೂರಾ ಖಾಲಿ ಆಗಲ್ಲ."

ಮಗ ತಿರುಗಿ ಪಂಪಿನವನನ್ನು ನೋಡಿದ. ಮೆಕ್ಯಾನಿಕ್ ನೋಡಿದ. ಪೈಪು ಹೊರಲು ಬಂದಿದ್ದ ಆಳುಗಳೂ ನೋಡಿದರು. ನಾನೂ ಅವನನ್ನೇ ನೋಡಿದೆ. ಅದು ಇವತ್ತಿಗೂ ನನಗೆ ಸಹಿಸಲಾಗದ್ದು. ನೆಲ ನೋಡಬಹುದಿತ್ತು, ಕೆರೆ ನೋಡಬಹುದಿತ್ತು. ಎಲ್ಲರ ಜೊತೆ ಸೇರಿ ಅವನ ಮುಖ ನೋಡಿದೆ.

"ಏನಪ್ಪಾ, ಬಾಯಾರಿದ ದಿನ ನನ್ನೇ ಕರೀತದೆ ಅಂದಿದ್ಯಂತೆ?" ಎಂದ ಮಗ.

"ಅದು ತಮಾಷೆಗೆ ಅಂದಿದ್ದು ಗೌಡ್ರೇ. ನಾನು ಗ್ರಹಣ ಅಂತ ಬಾಗ್ಲು ಹಾಕ್ಕಂಡು ಮನೇಲೇ ಕೂತಿದ್ದೆ. ನನ್ನ ಹೆಂಡ್ತೀನ ಕೇಳಿ ಬೇಕಾರೆ."

"ಬೀಗ ಒಡ್ದಿಲ್ಲ. ಕೀ ಇದ್ದದ್ದು ನಿನ್ನ ಹತ್ರ."

"ಇನ್ನೊಂದು ಕೀ ನಿಮ್ಮನೇಲೇ ಇದೆಯಲ್ಲ ಗೌಡ್ರೇ."

ಅವನು ಅದನ್ನು ಎದುರುತ್ತರವಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದ. ಮಗನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

"ಹಂಗಾದ್ರೆ ನಮ್ಮನೆಯವ್ರೇ ಬಂದು ನಮ್ಮ ಪಂಪು ಸುಟ್ರು ಅಂತೀಯಾ? ನಮ್ಮಮ್ಮ ಬಂದು ಬಿಟ್ರಾ ನೀರು? ನಿನ್ನ ಬಕೆಟ್ಟಿನ ಕೆಲ್ಸ ಹೋಯ್ತು ಅಂತ ಹೊಟ್ಟೆ ಉರ್ಕಂಡು ಮಾಡಿದೀಯ. ತಪ್ಪಾಯ್ತು ಅಂದಿದ್ರೆ ಬಿಡ್ತಿದ್ದೆ. ಈಗ ಇಲ್ಲ. ಮುಂದಿನ ವಾರ ಲೈನು ಖಾಲಿ ಮಾಡು."

ನಮ್ಮಮ್ಮ ಬಂದು ಬಿಟ್ರಾ ಎಂದು ಅವನು ಕೇಳಿದಾಗ ಕಾಫಿ ಲೋಟದ ತಟ್ಟೆ ಹಿಡಿದುಕೊಂಡು ನಾನು ಮೂರು ಮಾರು ದೂರದಲ್ಲಿದ್ದೆ. ಹೌದು ಅಂದಿದ್ದರೆ ಮುಗಿದಿತ್ತು, ಒಂದೇ ಮಾತು. ಆಳುಗಳ ಎದುರು, ಮೆಕ್ಯಾನಿಕ್ಕಿನ ಎದುರು, ಮಗನ ಎದುರು ನನ್ನ ತಲೆ ತಗ್ಗುತ್ತದೆ ಎಂದು ಸುಮ್ಮನಿದ್ದೆ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಕೆಲಸದವರು ಒಂದು ಬುಟ್ಟಿ ಸರಿಯಾಗಿ ಮುಚ್ಚದಿದ್ದರೆ ಇಡೀ ಕಣಕ್ಕೆ ಕೇಳುವ ಹಾಗೆ ಬೈಯುವವಳು ನಾನು. ಅಂಥವಳು ಈ ಕೆಲಸ ಮಾಡಿದ್ದೇನೆ ಎಂದು ಹೇಳುವುದು ಹೇಗೆ ಎನಿಸಿತು, ಅಷ್ಟೇ.

ಸಂಜೆ ಮಗನಿಗೆ ಬೇರೆ ದಾರಿಯಿಂದ ಹೇಳಿ ನೋಡಿದೆ. "ಬಿಟ್ಟುಬಿಡು ಮಾರಾಯ, ಹಳೇ ಆಳು. ಎಂಥದೋ ಕೈತಪ್ಪು ಆಗಿರ್ತದೆ."

"ನೀನು ಸುಮ್ನಿರಮ್ಮ. ನಿಂಗೆ ಪಂಪಿನ ವಿಷ್ಯ ಗೊತ್ತಾಗಲ್ಲ" ಎಂದ. ಆ ಮಾತಿನ ಹಿಂದೆ ಅಡಗಿ ಕೂತೆ.

ಚಿಕ್ಕಮಗಳೂರಿನಿಂದ ಸೀಲು ಬಂದು, ಮೋಟರು ಕಟ್ಟಿಸಿ, ಪಂಪು ಮತ್ತೆ ಓಡಲು ಐದು ದಿನ ಹಿಡಿಯಿತು. ಕೆಳಗಿನ ತುಂಡಿನ ಮೊಗ್ಗು ಅಷ್ಟರಲ್ಲಿ ಕೆಂಪಡರಿ ಹೋಗಿತ್ತು. ಬೆಳಿಗ್ಗೆ ಒಬ್ಬಳೇ ಹೋಗಿ ನೋಡಿ ಬಂದೆ. ಕೈಯಲ್ಲಿ ಸವರಿದರೆ ರವೆಯ ಹಾಗೆ ಉದುರುತ್ತಿತ್ತು. ಹೋದದ್ದು ಒಂದು ತುಂಡಿನ ಫಸಲು. ಇನ್ನೊಂದು ವರ್ಷಕ್ಕೆ ಗಿಡ ಮತ್ತೆ ಮೊಗ್ಗು ಕಟ್ಟುತ್ತದೆ. ಪಂಪಿನವನ ಹೆಸರು ಹಾಗಲ್ಲ. ನಮ್ಮ ಕಡೆ ತೋಟದಿಂದ ತೋಟಕ್ಕೆ ಆಳಿಗಿಂತ ಮೊದಲು ಆಳಿನ ಸುದ್ದಿ ಹೋಗುತ್ತದೆ. ಬೇಕೆಂದೇ ಯಜಮಾನರ ಪಂಪು ಸುಟ್ಟವನು ಎಂದಾದ ಮೇಲೆ ಇತ್ತ ಬಾಳೂರಿನಿಂದ ಅತ್ತ ಹೊರನಾಡಿನ ತನಕ ಯಾವ ತೋಟದವರೂ ಅವನ ಕೈಗೆ ಮೋಟರಿನ ಸ್ವಿಚ್ಚು ಕೊಡುವುದಿಲ್ಲ. ಆ ವಯಸ್ಸಿಗೆ ಅವನಿಗೆ ಬೇರೆ ಕೆಲಸವೂ ಬಾರದು.

ಏಳನೇ ದಿನ ಅವನ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ.

"ಅಮ್ಮಾ, ಕೆಲ್ಸ ಬಿಡಿಸಿದ್ರೆ ಬಿಡಿಸ್ಲಿ. ನಮ್ಗೂ ಕಾಲು ಕೈ ಅದಾವೆ. ಬೇಕಂತ ಹಾಳುಮಾಡಿದ ಅಂತ ಒಂದು ಮಾತು ಮಾತ್ರ ಬ್ಯಾಡ. ಇವ್ರು ಮೂರು ತೋಟಕ್ಕೆ ಹೋಗಿ ಕೇಳ್ಕಂಡು ಬಂದ್ರು. ನೀನಾ, ಆ ಪಂಪಿನವನಲ್ವಾ ಅಂತ ಗೇಟಲ್ಲೇ ಕಳಿಸಿದ್ರಂತೆ. ನೀವೊಂದು ಮಾತು ಹೇಳಿದ್ರೆ ಗೌಡ್ರು ಕೇಳ್ತಾರೆ."

"ನೋಡಣ" ಎಂದೆ.

"ಊಟ ಸೇರ್ತಿಲ್ಲ ಅವ್ರಿಗೆ. ನಾನೇ ಏನಾರು ಬಿಟ್ನಾ, ಬಿಟ್ಟು ಮರ್ತ್ನಾ ಅಂತ ಕೇಳ್ತಾರೆ ನನ್ನ. ಹುಚ್ಚು ಹಿಡೀತದೆ ಅಂತ ಹೆದ್ರಿಕೆ ಅಮ್ಮಾ."

ಅವಳ ಸೆರಗಿಗೆ ಎರಡು ಅಚ್ಚು ಬೆಲ್ಲ ಹಾಕಿ ಕಳಿಸಿದೆ. ಬೆಲ್ಲ! ಅವಳು ಬೈದಿದ್ದರೆ ಚೆನ್ನಾಗಿತ್ತು, ಶಾಪ ಹಾಕಿದ್ದರೂ ತಡೆಯುತ್ತಿದ್ದೆ. ಅವನು ತನ್ನ ಕೈಯ ಮೇಲೇ ಅನುಮಾನ ಪಡುತ್ತಿದ್ದಾನೆ ಎಂಬುದನ್ನು ತಡೆಯಲಾಗಲಿಲ್ಲ. ಲಾಳಿಕೆಗೆ ಕಿವಿ ಕೊಟ್ಟು ಎಷ್ಟು ನೀರು ಬೇಕೆಂದು ಹೇಳುತ್ತಿದ್ದವನನ್ನು ನಾನು ಅಲ್ಲಿಗೆ ತಂದಿದ್ದೆ.

ಎಂಟನೇ ದಿನ ಸಂಜೆ ಮಗ ಜಗಲಿಯಲ್ಲಿ ಒಬ್ಬನೇ ಕೂತಿದ್ದ. ಹೋಗಿ ಎದುರಿಗೆ ಕೂತೆ.

"ಡ್ರಮ್ಮಿನ ನೀರು ಬಿಟ್ಟವಳು ನಾನು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಯಾವ ಡ್ರಮ್ಮು?"

"ಪಂಪಿನದು. ಗ್ರಹಣದ ನೀರು ಅಂತ ಚೆಲ್ಲಿದೆ. ಬಾಗ್ಲ ಹಿಂದಿನ ಕೀ ತಗಂಡು ಹೋಗಿದ್ದೆ. ತುಂಬ್ಸದೆ ಬಂದೆ."

ಅವನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ. "ಎಂಥ ಕೆಲ್ಸ ಮಾಡಿದೆ ಅಮ್ಮ! ಆವತ್ತೇ ಹೇಳಕ್ಕೆ ನಿಂಗೇನಾಗಿತ್ತು?"

"ಏನೂ ಆಗಿರ್ಲಿಲ್ಲ. ಹೇಳ್ಲಿಲ್ಲ."

"ಈಗ ಹೇಳಿ ಎಂಥ ಆಗ್ಬೇಕು? ಅಷ್ಟು ಜನದ ಮುಂದೆ ಬೈದು ಆಯ್ತು. ನಾಳೆ ಜೀಪು ಬರ್ತದೆ, ಅವ್ನು ಹೋಗ್ತಾನೆ. ಈಗ ನಮ್ಮಮ್ಮನೇ ಮಾಡಿದ್ದು ಅಂದ್ರೆ ನಾನು ಹಾಜರಿ ಕರೆಯೋ ಜಾಗದಲ್ಲಿ ನಾಳೆಯಿಂದ ಮುಖ ಎತ್ತದು ಹೆಂಗೆ? ಮೇಸ್ತ್ರಿ ನಗಲ್ವಾ?" ಆಮೇಲೆ ತಾನೇ, "ಕಳಸದ ಕಡೆ ನಮ್ಮ ಪರಿಚಯದವ್ರ ತೋಟ ಇದೆ. ಫೋನ್ ಮಾಡಿ ಅವ್ನಿಗೆ ಒಂದು ಕೆಲ್ಸ ಕೊಡ್ಸಣ. ನೀನು ಬಾಯಿ ಬಿಡಬೇಡ" ಎಂದ.

ಆಯಿತು ಎಂದೆ. ಹೌದು, ಅದನ್ನೂ ಬರೆಯಬೇಕು. ಆಯಿತು ಎಂದು ಹೇಳಿ ಒಳಗೆ ಹೋಗಿ ಊಟ ಮಾಡಿದೆ. ಮಗನಿಗೆ ಹೇಳಿದ್ದೇ ದೊಡ್ಡದು, ಇನ್ನು ಅವನ ತಲೆನೋವು ಎಂದು ಅರ್ಧ ಗಂಟೆ ಹಗುರವಾಗಿಯೂ ಇದ್ದೆ. ಎಲೆಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಲೆಕ್ಕ ಸರಿಹೋಗಲಿಲ್ಲ. ಕೆಲಸ ಕೊಡಿಸಿದರೂ ಏನಾಯಿತು? ಹೋದಲ್ಲಿ ಅವನು ಕ್ಷಮಿಸಿ ಇಟ್ಟುಕೊಂಡ ಕಳ್ಳನ ಹಾಗೆ ಇರಬೇಕು. ಅವನಂತೂ ನಾನು ಬಿಟ್ಟೆನೋ, ಮರೆತೆನೋ ಎಂದು ಸಾಯುವ ತನಕ ಕೇಳಿಕೊಳ್ಳುತ್ತಾ ಇರಬೇಕು.

ಮಾರನೇ ಬೆಳಿಗ್ಗೆ ಏಳೂವರೆಗೆ ಕಣಕ್ಕೆ ಹೋದೆ. ಲೆಕ್ಕ ಬರೆಯುವ ರೈಟರು ಹಾಜರಿ ಪುಸ್ತಕ ತೆರೆದಿದ್ದ, ಆಳುಗಳು ಸಾಲಾಗಿ ನಿಂತಿದ್ದರು, ಮಗ ಮೇಸ್ತ್ರಿಯ ಹತ್ತಿರ ಯಾವ ತುಂಡಿಗೆ ಎಷ್ಟು ಜನ ಎಂದು ಹೇಳುತ್ತಿದ್ದ. ನನ್ನನ್ನು ನೋಡಿದವನೇ ಬೇಡ ಎಂದು ಕಣ್ಣಲ್ಲೇ ಹೇಳಿದ.

"ಎಲ್ರೂ ಕೇಳ್ಕಳಿ" ಎಂದೆ. "ಪಂಪಿನ ಡ್ರಮ್ಮಿನ ನೀರು ಬಿಟ್ಟವಳು ನಾನು. ಗ್ರಹಣ ಬಿಟ್ಟ ಮೇಲೆ ಹೋಗಿ ಚೆಲ್ಲಿದೆ, ತುಂಬ್ಸದೆ ಬಂದೆ. ಅವನು ಆ ಕಡೆಗೇ ಹೋಗಿರ್ಲಿಲ್ಲ. ಅವನನ್ನ ಬೈವಾಗ ನಾನು ಅಲ್ಲೇ ನಿಂತು ಕೇಳ್ತಿದ್ದೆ. ಬಾಳೂರಲ್ಲಿ, ಜೀಪಲ್ಲಿ, ಎಲ್ಲೆಲ್ಲಿ ಅವನ ಮಾತಾಡಿದೀರೋ ಅಲ್ಲೆಲ್ಲ ಇವತ್ತೇ ಹೋಗಿ ನನ್ನ ಹೆಸ್ರು ಹೇಳಿ."

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕಿಸಕ್ಕೆಂದು ನಕ್ಕಳು. ಪಕ್ಕದವಳು ಅವಳ ಮೊಣಕೈ ತಿವಿದಳು. ನಗಲಿ ಬಿಡಿ. ಮಗ ಹಾಜರಿ ಪುಸ್ತಕವನ್ನು ರೈಟರ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾನು ಲೈನಿಗೆ ಇಳಿದೆ. ಜೀಪು ಬಂದು ನಿಂತಿತ್ತು. ಪಾತ್ರೆ ತುಂಬಿದ ಚೀಲ, ಟ್ರಂಕು ಆಗಲೇ ಒಳಗೆ ಹೋಗಿದ್ದವು. ಪಂಪಿನವನು ಜೀಪಿನ ಮೇಲೆ ಹತ್ತಿ ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದ. ಕೆಳಗೆ ನಿಂತು, ಕತ್ತೆತ್ತಿ, ಕಣದಲ್ಲಿ ಹೇಳಿದ್ದನ್ನೇ ಅವನಿಗೆ ಹೇಳಿದೆ. ಅವನು ಹಗ್ಗ ಹಿಡಿದುಕೊಂಡೇ ಕೇಳಿದ. ಅವನ ಹೆಂಡತಿ ಹೊಸ್ತಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

"ನೀವಾ ಅಮ್ಮಾ?" ಎಂದ.

"ಹೂಂ, ನಾನೇ."

"ನನ್ನ ಕೈ ನಾನೇ ನಂಬದಂಗೆ ಆಗಿತ್ತಲ್ಲ ಅಮ್ಮಾ ಎಂಟು ದಿನ."

"ತಪ್ಪಾಯ್ತು. ಸಾಮಾನು ಇಳ್ಸು" ಎಂದೆ.

ಅವನು ಇಳಿಸಲಿಲ್ಲ. ಹಗ್ಗದ ಗಂಟನ್ನು ಇನ್ನೊಂದು ಸಲ ಎಳೆದು ನೋಡಿದ. "ನೀವು ಬಂದ್ರಿ, ಹೇಳಿದ್ರಿ, ದೊಡ್ಡ ಮಾತು. ಆದ್ರೆ ಬೇಕಂತ ಮಾಡ್ದ ಅಂದಿದ್ದು ನೀವಲ್ವಲ್ಲ. ಅಂದವ್ರು ಬಂದು ಅಲ್ಲ ಅನ್ಲಿ. ಆಮೇಲೆ ಇಳಿಸ್ಬೇಕಾ, ಹೋಗ್ಬೇಕಾ ಅಂತ ನಾನು ನೋಡ್ತೀನಿ."

ಅವನು ಹೇಳಿದ್ದು ಸರಿ. ಜೀಪಿನ ಡ್ರೈವರಿಗೆ, "ಹೇರಲೂ ಬೇಡ, ಇಳಿಸಲೂ ಬೇಡ. ನಾನು ಬರೋ ತನ್ಕ ಹಿಂಗೇ ಇರು" ಎಂದೆ. ಲೈನಿನಿಂದ ಆಫೀಸಿಗೆ ಏರುದಾರಿ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದೆ. ಆಳುಗಳಿನ್ನೂ ಕಣದಲ್ಲೇ ನಿಂತಿದ್ದರು, ಕೆಲಸಕ್ಕೆ ಕಳಿಸುವವರು ಯಾರೂ ಇರಲಿಲ್ಲ. ಅವರ ನಡುವೆಯೇ ಹಾದು ಹೋಗಿ ಆಫೀಸಿನ ಬಾಗಿಲು ತಟ್ಟಿದೆ.

"ಜೀಪು ಕಾಯ್ತಿದೆ. ಎದ್ದು ಬಾ. ನಿಂದೂ ಒಂದು ಮಾತು ಅವ್ನಿಗೆ ಹೇಳೋದಿದೆ" ಎಂದೆ. ಕುರ್ಚಿ ಸರಿದ ಸದ್ದು ಕೇಳುವ ತನಕ ತಟ್ಟುತ್ತಲೇ ಇದ್ದೆ.